ಬದುಕಿದ್ದವನ ಫ್ಲೆಕ್ಸು

ಭೇರ್ಯದಲ್ಲಿ ಯಾರಾದರೂ ತೀರಿಕೊಂಡರೆ ಹೂವಿನ ಹಾರಕ್ಕಿಂತ ಮೊದಲು ಫ್ಲೆಕ್ಸ್ ಅಂಗಡಿ ನಂಜುಂಡೇಶ ಬರುತ್ತಾನೆ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹೆಣದ ಮುಖ ನೋಡಿ, ಎರಡು ನಿಮಿಷ ನಿಂತು ಹೊರಗೆ ಬರುತ್ತಾನೆ. ಆಮೇಲಷ್ಟೇ ಅಂಗಡಿಗೆ ಹೋಗಿ ಶ್ರದ್ಧಾಂಜಲಿ ಫ್ಲೆಕ್ಸಿಗೆ ಕೈ ಹಾಕುವುದು. ಮೈಸೂರಿನಲ್ಲಿ ಆಸ್ಪತ್ರೆ ಸೇರಿ ಸತ್ತವರಾದರೆ ಆಂಬುಲೆನ್ಸ್ ಊರಿಗೆ ಬರುವ ತನಕ ಕಂಪ್ಯೂಟರ್ ಮುಟ್ಟುವುದಿಲ್ಲ. ಅಷ್ಟರಲ್ಲಿ ಅವಸರದ ಜನ ಕೆ.ಆರ್. ನಗರಕ್ಕೆ ಹೋಗಿ ಮಾಡಿಸಿಕೊಂಡು ಬಂದಿರುತ್ತಾರೆ. ಹೋದರೆ ಹೋಗಲಿ ಎನ್ನುತ್ತಾನೆ. ಹುಡುಗರು ಅವನಿಗೆ ಹೆಣ ನೋಡೋ ನಂಜುಂಡೇಶ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರಲ್ಲಿ ಅರ್ಧ ಜನಕ್ಕೆ ಇದು ಯಾಕೆ ಶುರುವಾಯಿತು ಎಂದು ಗೊತ್ತಿಲ್ಲ. ಉಳಿದರ್ಧ ಜನ ಗೊತ್ತಿದ್ದೂ ನಗುತ್ತಾರೆ. ನನಗೆ ಅವರ ಮೇಲೆ ಸಿಟ್ಟು. ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು, ಯಾಕೆಂದರೆ ಇದು ಶುರುವಾದದ್ದರಲ್ಲಿ ನನ್ನ ಪಾಲೂ ಇದೆ.

ನಾನು ಮಹದೇವಪ್ಪ. ಇಲ್ಲಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ಕಬಡ್ಡಿ, ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರದ ಊರಿಗೆ ಫುಟ್‌ಬಾಲ್ ತಂದು ಹಚ್ಚಿದ್ದು ನಾನೇ. ಭತ್ತ ಕೊಯ್ದ ಗದ್ದೆಯಲ್ಲಿ ಕೂಳೆ ಕಿತ್ತು, ಬಿದಿರಿನ ಗೋಲ್ ಕಂಬ ನೆಟ್ಟು ಶುರುಮಾಡಿದ ಆಟ ಹತ್ತು ವರ್ಷದಲ್ಲಿ ಊರಿನ ಹುಚ್ಚಾಯಿತು. ಭೇರ್ಯ ಬಾಯ್ಸ್ ಎಂಬ ಕ್ಲಬ್ ಆಯಿತು. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಎಲ್ಲಿ ಪಂದ್ಯವಿದ್ದರೂ ಎರಡು ಟೆಂಪೊ ಜನ ಹೊರಡುತ್ತಿದ್ದರು. ಮೊದಲ ಟೆಂಪೊದ ಮುಂದಿನ ಸೀಟಿನಲ್ಲಿ ಬಾವುಟ ಹಿಡಿದು ಕೂರುತ್ತಿದ್ದವನು ನಂಜುಂಡೇಶ.

ಇವನ ಅಪ್ಪ ಬಸ್ಸುಗಳ ಹಣೆಗೆ ಊರ ಹೆಸರು ಬರೆಯುತ್ತಿದ್ದವರು. ಇವನೂ ಹದಿನಾರಕ್ಕೇ ಬ್ರಷ್ ಹಿಡಿದ. ಅಕ್ಷರ ಮುತ್ತಿನ ಹಾಗಿತ್ತು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷನ್ನು ಕೇಳುವವರಿಲ್ಲವಾಯಿತು. ಮೂರು ತಿಂಗಳು ಕೆ.ಆರ್. ನಗರಕ್ಕೆ ಓಡಾಡಿ ಕಂಪ್ಯೂಟರ್ ಕಲಿತು, ಸರ್ಕಲ್ಲಿನಲ್ಲೇ ಅಂಗಡಿ ಹಾಕಿದ. ಹುಟ್ಟುಹಬ್ಬ, ಗೃಹಪ್ರವೇಶ, ಎಲೆಕ್ಷನ್, ಸಾವು, ಎಲ್ಲಕ್ಕೂ ಅವನೇ. ಆಟ ಮಾತ್ರ ಅವನಿಗೆ ಒಲಿಯಲಿಲ್ಲ. ಒಮ್ಮೆ ಚೆಂಡು ಒದೆಯಲು ಹೋಗಿ ಚಪ್ಪಲಿ ಗೋಲಿನೊಳಗೆ ಬಿದ್ದು ಚೆಂಡು ಅಲ್ಲೇ ಉಳಿದಿತ್ತು. ತನಗೆ ಬರದ ಆಟವನ್ನೆಲ್ಲ ಅವನು ಚೆಲುವರಾಜುವಿನಲ್ಲಿ ನೋಡುತ್ತಿದ್ದ ಎಂದು ನನಗೆ ಅನಿಸುತ್ತದೆ.

ಚೆಲುವರಾಜು ನಮ್ಮ ಮುಂಚೂಣಿ ಆಟಗಾರ. ಸಿದ್ದಲಿಂಗಮ್ಮನ ಒಬ್ಬನೇ ಮಗ. ಲಾರಿ ಓಡಿಸುತ್ತಿದ್ದ ಅಪ್ಪ ತೀರಿಹೋಗಿದ್ದ. ಎಡಗಾಲಿನಲ್ಲಿ ಹೊಡೆದರೆ ಗೋಲ್ ಕಾಯುವ ಗೋಲಿ ಕೈಯೆತ್ತುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತಿತ್ತು. ಹುಣಸೂರಿನವರ ಮೇಲೆ ಕೊನೆಯ ನಿಮಿಷದಲ್ಲಿ ಗೋಲು ಹೊಡೆದು, ತಲೆಯೆತ್ತಿ ಬಾಯ್ತುಂಬ ನಕ್ಕ ಅವನ ಫೋಟೊವನ್ನು ನಂಜುಂಡೇಶನೇ ತೆಗೆದಿದ್ದ. ಪ್ರತಿ ವರ್ಷ ಅವನ ಹುಟ್ಟುಹಬ್ಬಕ್ಕೆ ಅದೇ ಫೋಟೊ ಹಾಕಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತಿದ್ದ. ನಂಜುಂಡೇಶನ ಹೆಂಡತಿ ಚೈತ್ರ ಹೇಳುತ್ತಿದ್ದಳು, "ನನ್ ಹುಟ್ಟಿದಬ್ಬ ಯಾವತ್ತು ಅಂತ ಕೇಳಿ ನೋಡಿ ಮೇಷ್ಟ್ರೇ, ಗೊತ್ತಿಲ್ಲ ಇವ್ರಿಗೆ."

ಮೂರು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಚೆಲುವರಾಜು ಪಿರಿಯಾಪಟ್ಟಣದ ಪಟ್ಟಣ ಟೈಗರ್ಸ್ ಸೇರಿದ ಸುದ್ದಿ ಬಂತು. ನಮ್ಮನ್ನು ಮೂರು ಸಲ ಫೈನಲ್ಲಿನಲ್ಲಿ ಸೋಲಿಸಿದ ತಂಡ ಅದು. ಅವರ ಹಳದಿ ಜರ್ಸಿ ತೊಟ್ಟು ನಿಂತ ಅವನ ಫೋಟೊ ಬೆಳಿಗ್ಗೆ ಹತ್ತಕ್ಕೆ ಮೊಬೈಲಿಗೆ ಬಂತು. ಮಧ್ಯಾಹ್ನದೊಳಗೆ ಅವನಿಗೆ ಹೋದ ಮೆಸೇಜುಗಳನ್ನು ಇಲ್ಲಿ ಬರೆಯಲಾರೆ. ತಾಯಿ ಹೆಸರು ಎತ್ತಿ ಬೈದವರಿದ್ದರು. ಊರಿಗೆ ಬಂದರೆ ಕಾಲು ಮುರಿಯುತ್ತೇವೆ ಎಂದವರಿದ್ದರು. ಅವನು ಫೋನ್ ಆಫ್ ಮಾಡಿದ. ಯಾಕೆ ಹೋದೆ ಎಂದು ಒಬ್ಬನೂ ಕೇಳಲಿಲ್ಲ. ನಾನು ಅವನಿಗೆ ಆಟ ಕಲಿಸಿದವನು, ನಾನೂ ಕೇಳಲಿಲ್ಲ.

ನಂಜುಂಡೇಶ ಬೈಯಲಿಲ್ಲ. ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಟೀ ಅಂಗಡಿಯಲ್ಲಿ ಯಾರೋ, "ನಮ್ ಪಾಲ್ಗೆ ಅವ್ನು ಸತ್ತ ಬುಡ್ರಲಾ" ಎಂದರು. ನಮ್ಮ ಕಡೆ ದಿನಕ್ಕೆ ಹತ್ತು ಸಲ ಆಡುವ ಮಾತು. ಅಣ್ಣ ತಮ್ಮಂದಿರು ಬದುವಿನ ಜಗಳಕ್ಕೂ ಇದೇ ಮಾತು ಆಡುತ್ತಾರೆ, ಸಂಜೆಗೆ ಮರೆಯುತ್ತಾರೆ. ನಂಜುಂಡೇಶ ಲೋಟ ಕೆಳಗಿಟ್ಟು ಎದ್ದು ಹೋದ. ಸಂಜೆ ನನ್ನ ಮೊಬೈಲಿಗೆ ಒಂದು ಡಿಸೈನ್ ಬಂತು. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ಅದೇ ನಗುವ ಫೋಟೊ, ಕೊರಳಿಗೆ ಚೆಂಡು ಹೂವಿನ ಹಾರ, ಎರಡೂ ಕಡೆ ಉರಿಯುವ ದೀಪ. ಜನನದ ತಾರೀಕು ಸರಿಯಾಗಿತ್ತು. ಮರಣದ ತಾರೀಕು ಅವನು ಟೈಗರ್ಸ್ ಸೇರಿದ ದಿನ. ಕೆಳಗೆ ದುಃಖತಪ್ತ ಗೆಳೆಯರ ಬಳಗ, ಹದಿನಾಲ್ಕು ಚಿಕ್ಕ ಫೋಟೊ.

ನಾನು ನಕ್ಕೆ. ಫೋನ್ ಮಾಡಿ, "ನನ್ನ ಫೋಟೊ ಹಳೇದು ಹಾಕಿದ್ದೀಯಲ್ಲಾ, ಕೊರಳಲ್ಲಿ ವಿಸಿಲ್ ಇರೋದು ಕಳಿಸ್ತೀನಿ, ಅದು ಹಾಕು" ಎಂದೆ. ಅರವತ್ತೆರಡು ವರ್ಷದ ಮನುಷ್ಯ ಆಡುವ ಮಾತಾ ಅದು?

ಮರುದಿನ ಬೆಳಿಗ್ಗೆ ಏಳಕ್ಕೆ ಸರ್ಕಲ್ಲಿನಲ್ಲಿ ಹತ್ತಡಿ ಆರಡಿಯ ಫ್ಲೆಕ್ಸ್ ಎದ್ದಿತು. ಹುಡುಗರು ಅದರ ಮುಂದೆ ನಿಂತು ಸೆಲ್ಫಿ ತೆಗೆದರು. ಒಬ್ಬ ನಿಜವಾದ ಊದುಬತ್ತಿಯನ್ನೇ ಹಚ್ಚಿಟ್ಟ.

ಸಿದ್ದಲಿಂಗಮ್ಮ ಆಗ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ತಿಂಗಳ ಹಿಂದೆ ಎಚ್.ಡಿ. ಕೋಟೆ ಕಡೆ, ಕಾಕನಕೋಟೆ ಕಾಡಿನ ಅಂಚಿನ ಹಳ್ಳಿಗೆ ಹೋಗಿದ್ದಳು. ಅವಳ ಕೈಯಲ್ಲಿ ಫೋನ್ ಇಲ್ಲ. ಮಗಳ ಫೋನಿನಲ್ಲಿ ದಿನಾ ಸಂಜೆ ಮಗನ ಜೊತೆ ಮಾತಾಡುತ್ತಿದ್ದವಳಿಗೆ ನಾಲ್ಕು ದಿನದಿಂದ ಅವನ ಫೋನ್ ಸಿಕ್ಕಿರಲಿಲ್ಲ. ನಾವು ಬೈದು ಬೈದು ಆಫ್ ಮಾಡಿಸಿದ್ದ ಫೋನು ಅದು. ಎದೆ ತಡೆಯದೆ, ಮೊಮ್ಮಗುವನ್ನು ಬಿಟ್ಟು, ಆಧಾರ್ ಕಾರ್ಡ್ ಸೆರಗಿಗೆ ಕಟ್ಟಿಕೊಂಡು ಹೊರಟಳು. ಕೋಟೆಯಿಂದ ಹುಣಸೂರು, ಅಲ್ಲಿಂದ ಕೆ.ಆರ್. ನಗರ, ಅಲ್ಲಿಂದ ಭೇರ್ಯ, ಮೂರು ಬಸ್ಸು. ಮಧ್ಯಾಹ್ನ ಎರಡೂವರೆಗೆ ಸರ್ಕಲ್ಲಿನಲ್ಲಿ ಇಳಿದಳು. ಅವಳಿಗೆ ಓದು ಬರದು. ಆದರೆ ಹಾರ ಹಾಕಿ ಎರಡು ದೀಪ ಇಟ್ಟ ಫೋಟೊ ಅಂದರೆ ಏನು ಎಂದು ತಿಳಿಯಲು ಓದು ಬರಬೇಕಾಗಿಲ್ಲ.

ಕೈಯಲ್ಲಿದ್ದ ಅವರೆಕಾಯಿ ಚೀಲ ರಸ್ತೆಯಲ್ಲೇ ಬಿತ್ತು. ಫ್ಲೆಕ್ಸಿನ ಬುಡದಲ್ಲಿ ಕೂತು ಮಣ್ಣು ಬಾಚಿ ತಲೆಗೆ ಹಾಕಿಕೊಂಡಳು. ನಮ್ಮ ಹೆಂಗಸರು ಸತ್ತವರ ಮುಂದೆ ಹೇಳಿಕೊಂಡು ಅಳುತ್ತಾರಲ್ಲ, ಹಾಗೆ ಶುರುಮಾಡಿದಳು. "ಯೋಳ್ದೆ ಓದಲ್ಲಪ್ಪಾ, ನನ್ ಕೈಲಿ ಒಂದ್ ತೊಟ್ಟು ನೀರ್ ಬುಡುಸ್ಕಳ್ದೆ ಓದಲ್ಲ ಮಗನೇ." ಮೊದಲ ಎರಡು ನಿಮಿಷ ಹುಡುಗರು ನಗುತ್ತ ವಿಡಿಯೋ ಮಾಡಿದರು ಎಂಬುದನ್ನೂ ಹೇಳಿಬಿಡುತ್ತೇನೆ.

ನಂಜುಂಡೇಶ ಅಂಗಡಿಯಿಂದ ಓಡಿ ಬಂದ. "ದೊಡ್ಡವ್ವ, ಚೆಲು ಸತ್ತಿಲ್ಲ ಕಣವ್ವ. ಚೆಂದಾಗವ್ನೆ. ತಮಾಸೆಗೆ ಮಾಡಿದ್ದು" ಎಂದ.

ಅವಳು ನಂಬಲಿಲ್ಲ. ಸಾವಿನ ಮನೆಯಲ್ಲಿ ಮೊದಲು ಎಲ್ಲರೂ ಏನಿಲ್ಲ, ಹುಷಾರಾಗಿದ್ದಾನೆ ಎಂದೇ ಹೇಳುತ್ತಾರೆ. ಅವಳ ಗಂಡ ಸತ್ತಾಗಲೂ ಹಾಗೇ ಹೇಳಿ ಕರೆದುಕೊಂಡು ಹೋಗಿದ್ದರು. ಚೆಲುವರಾಜುವಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ನಾವು ಹುಡುಗರ ಕೈಲಿ ಫ್ಲೆಕ್ಸ್ ಬಿಚ್ಚಿಸಲು ಹೋದರೆ ಅದನ್ನು ಬಾಚಿ ತಬ್ಬಿಕೊಂಡಳು. ಕೊನೆಗೆ ಅದನ್ನೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದಳು. ಮೂರು ಬೀದಿಯ ಹೆಂಗಸರು ಅಳು ಕೇಳಿ ಹಿಂದೆ ಹೋದರು. ಯಾರೋ ಪದ್ಧತಿಯ ಪ್ರಕಾರ ಮನೆ ಮುಂದೆ ಸೌದೆ ಒಟ್ಟಿ ಬೆಂಕಿಯನ್ನೂ ಹಾಕಿದರು.

ಟೈಗರ್ಸ್‌ನವರ ನಂಬರ್ ಹುಡುಕಿ ಚೆಲುವರಾಜುವನ್ನು ಹಿಡಿಯುವಷ್ಟರಲ್ಲಿ ಸಂಜೆ ಆರಾಗಿತ್ತು. ವಿಡಿಯೋ ಕಾಲಿನಲ್ಲಿ ಅವನು, "ಅವ್ವ, ಚೆಂದಾಗಿವ್ನಿ ಕಣವ್ವ, ನೋಡು" ಎಂದ. ಸಿದ್ದಲಿಂಗಮ್ಮ ಪರದೆಯನ್ನು ನೋಡಿದಳು. ಅಳು ನಿಂತಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು.

"ಇದ್ರೊಳಗೆ ಸತ್ತೋರೂ ಮಾತಾಡ್ತಾರೆ" ಎಂದಳು. "ಇವ್ರಪ್ಪ ಈಗ್ಲೂ ಮಾತಾಡ್ತಾನೆ. ಅವ್ನ್ ವಿಡಿಯೋ ಮಗಳ್ ಫೋನಲ್ಲಿ ಅದೆ."

ನಾನು ಬುದ್ಧಿವಂತನ ಹಾಗೆ ಬಾಯಿ ಹಾಕಿದೆ. ಕಾಗೆ ಮೈ ಮುಟ್ಟಿದರೆ ನಮ್ಮಲ್ಲಿ ನೆಂಟರಿಗೆ ಸುಳ್ಳು ಸಾವಿನ ಸುದ್ದಿ ಕಳಿಸುತ್ತಾರೆ, ಅವರು ಅತ್ತರೆ ದೋಷ ಕಳೆಯಿತು ಎಂದು ಲೆಕ್ಕ. "ಅಂಗೇ ಅನ್ಕಳಮ್ಮ, ನಿನ್ ಮಗನ ಆಯಸ್ಸು ಗಟ್ಟಿಯಾಯ್ತು" ಎಂದೆ.

"ಅದು ಮನೆಯೋರು ಕಳ್ಸೋ ಸುದ್ದಿ ಮೇಷ್ಟ್ರೇ, ಬದ್ಕಲಿ ಅಂತ" ಎಂದಳು. "ನೀವು ಏನಂತ ಕಳ್ಸುದ್ರಿ?"

ನಾನು ಹೊರಗೆ ಬಂದುಬಿಟ್ಟೆ.

ಪಕ್ಕದ ಮನೆಯ ಪ್ರೇಮಮ್ಮ ಮರುದಿನ ನಂಜುಂಡೇಶನ ಅಂಗಡಿಗೆ ಬಂದು ಹೇಳಿದಳು. ಸಿದ್ದಲಿಂಗಮ್ಮ ಫ್ಲೆಕ್ಸನ್ನು ನಡುಮನೆಯಲ್ಲಿ ಉದ್ದಕ್ಕೆ ಹಾಸಿ, ಮುಖ ಮೇಲೆ ಕಾಣುವ ಹಾಗೆ ಮಡಚಿ, ತಲೆಯ ಹತ್ತಿರ ದೀಪ ಹಚ್ಚಿಟ್ಟಿದ್ದಾಳೆ. ಉಪ್ಪು ಬಿಟ್ಟಿದ್ದಾಳೆ. ದಿನ ಎಣಿಸುತ್ತಿದ್ದಾಳೆ. "ಅನ್ನೊಂದನೇ ದಿನಕ್ಕೆ ತಿಥಿ ಮಾಡ್ತೀನಿ ಅಂತವ್ಳೆ ಕಣಪ್ಪ. ಬದ್ಕಿರೋನ್ ತಿಥಿ ಮಾಡ್ಬುಟ್ರೆ ಆಮೇಲೆ ಅವ್ನು ಆ ಮನೆ ಒಸ್ಲು ತುಳಿಯಂಗಿಲ್ಲ. ಅದ್ರೊಳ್ಗೆ ಅವ್ನ ತಂದು ನಿಲ್ಸು. ಮಾಡ್ದೋನು ನೀನು."

ನಂಜುಂಡೇಶ ಅವತ್ತೇ ಬೈಕ್ ಹತ್ತಿ ಪಿರಿಯಾಪಟ್ಟಣಕ್ಕೆ ಹೋದ. ಟೈಗರ್ಸ್ ಅಭ್ಯಾಸ ಮಾಡುವ ಮೈದಾನದ ಕಟ್ಟೆಯ ಮೇಲೆ ಚೆಲುವರಾಜು ಬಲಗಾಲು ಚಾಚಿ ಕೂತಿದ್ದ. ಮಂಡಿಗೆ ಪಟ್ಟಿ ಇತ್ತು. ಅವನು ಹೋದ ಕಾರಣ ನಮಗೆ ಗೊತ್ತಾದದ್ದು ಅವತ್ತು. ಒಂದು ವರ್ಷದಿಂದ ಮಂಡಿ ಕೆಟ್ಟಿತ್ತು. ನಾವು ಅರಿಶಿನ ಹಚ್ಚು, ಎರಡು ದಿನಕ್ಕೆ ಸರಿಹೋಗುತ್ತದೆ ಎಂದು ಹೇಳಿ ಆಡಿಸುತ್ತಿದ್ದೆವು. ಟೈಗರ್ಸ್‌ನವರು ಮೈಸೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದ್ದರು. ಅಮ್ಮ ಗಾಬರಿಯಾಗುತ್ತಾಳೆ ಎಂದು ಅವಳಿಗೂ ಹೇಳಿರಲಿಲ್ಲ.

"ಅವ್ವನ್ ಜೊತೆ ಮಾತಾಡಿವ್ನಿ" ಎಂದ ಚೆಲುವರಾಜು. "ಸರೋಯ್ತದೆ. ನೀವು ನನ್ನ ಅಲ್ಲಿಗೆ ಕರ್ಸೋಕೆ ಈ ಕತೆ ಕಟ್ಟಿದೀರ. ಕಾಲ್ ಮುರೀತೀವಿ ಅಂದೋರು ನೀವೇ ಅಲ್ವಾ?"

"ನಾನ್ ಅನ್ಲಿಲ್ಲ ಕಣೋ."

"ನೀನು ಅನ್ಲಿಲ್ಲ ನಂಜುಂಡಣ್ಣ. ನೀನು ಫೋಟೋಕ್ಕೆ ಆರ ಆಕ್ದೆ."

ನಂಜುಂಡೇಶ ಬರಿಗೈಯಲ್ಲಿ ವಾಪಸ್ ಬಂದ. ಆಮೇಲಿನ ಏಳು ದಿನ ಅವನು ಹೇಗೆ ಬದುಕಿದ ಎಂದು ಚೈತ್ರ ನನಗೆ ಹೇಳಿದ್ದಾಳೆ. ಅಂಗಡಿ ತೆಗೆಯುವುದು, ಕಂಪ್ಯೂಟರ್ ಹಚ್ಚುವುದು, ಆ ಫೈಲ್ ಅಳಿಸಿದ್ದೇನಾ ಎಂದು ಹುಡುಕುವುದು, ಇಲ್ಲದಿದ್ದರೂ ಮತ್ತೆ ಹುಡುಕುವುದು. ಒಂದು ಮದುವೆ ಫ್ಲೆಕ್ಸಿನಲ್ಲಿ ಗಂಡಿನ ಫೋಟೊಗೆ ಹೂವಿನ ಅಂಚು ಹಾಕಲು ಹೋಗಿ ಅರ್ಧಕ್ಕೇ ಎದ್ದುಬಿಟ್ಟ. ಬೆಳಿಗ್ಗೆ ಸಂಜೆ ಸಿದ್ದಲಿಂಗಮ್ಮನ ಮನೆ ಮುಂದೆ ಹೋಗಿ ನಿಲ್ಲುತ್ತಿದ್ದ. ಅವಳು ಬಾ ಎನ್ನುತ್ತಿರಲಿಲ್ಲ, ಹೋಗು ಎನ್ನುತ್ತಲೂ ಇರಲಿಲ್ಲ. ಟೈಗರ್ಸ್‌ನವರಿಗೆ ದಿನಾ ಫೋನ್ ಮಾಡಿದ. ಚೆಲುವರಾಜು ಮಾತಿಗೆ ಬರಲಿಲ್ಲ.

ಒಂಬತ್ತನೆಯ ದಿನ ಪ್ರೇಮಮ್ಮ ಮತ್ತೆ ಬಂದಳು. ಸಿದ್ದಲಿಂಗಮ್ಮ ತಿಥಿಗೆ ಅಡುಗೆಯವರನ್ನು ಕೇಳಿದ್ದಳು. ನಂಜುಂಡೇಶ ಅವಳ ಮನೆಗೆ ಹೋದ. ಈ ಸಲ ಕೇಳದೆ ಒಳಗೆ ಹೋಗಿ, ನಡುಮನೆಯಲ್ಲಿ ನಿಂತು, ನೆಲದ ಮೇಲೆ ಮಲಗಿದ್ದ ಫ್ಲೆಕ್ಸಿನದೂ ದೀಪದ್ದೂ ಒಂದು ಫೋಟೊ ತೆಗೆದ. ಆ ಮುಖದ ಮೇಲೆ ದಿನಾ ಕೈಯಾಡಿಸಿ ಕೆನ್ನೆಯ ಬಣ್ಣ ಮಾಸಿತ್ತಂತೆ.

ಹತ್ತನೆಯ ದಿನ ಬೆಳಿಗ್ಗೆ ಅವನ ಬೈಕಿನ ಹಿಂದೆ ನಾನೂ ಕೂತೆ. ಚೆಲುವರಾಜು ನಮ್ಮನ್ನು ನೋಡಿ ಎದ್ದು ಹೊರಟ. ನಂಜುಂಡೇಶ ಅವನ ಮುಂದೆ ಮೊಬೈಲ್ ಹಿಡಿದ. ಚೆಲುವರಾಜು ಅದನ್ನು ಕೈಗೆ ತೆಗೆದುಕೊಂಡು, ಎರಡು ಬೆರಳಿನಿಂದ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದ.

"ಇದು ನಮ್ಮನೆಯಾ?" ಎಂದ.

ನಾನು ಬಸ್ಸಿನಲ್ಲಿ ಬರುತ್ತೇನೆಂದು ಹೇಳಿ ಅವನನ್ನು ಬೈಕಿಗೆ ಹತ್ತಿಸಿದೆ. ಆದರೆ ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ, ಒಂದು ಆಟೊ ಹಿಡಿದು ಅವರ ಹಿಂದೆಯೇ ಬಂದೆ. ಅದಕ್ಕೇ ಮುಂದಿನದನ್ನು ಕಣ್ಣಾರೆ ಕಂಡೆ. ಕಾಣದಿದ್ದರೆ ಚೆನ್ನಾಗಿತ್ತು.

ಬೈಕ್ ಸದ್ದಿಗೆ ಸಿದ್ದಲಿಂಗಮ್ಮ ಬಾಗಿಲಿಗೆ ಬಂದಳು. ಮಗನನ್ನು ನೋಡಿದಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ದಾರಿ ಕಟ್ಟಿ ನಿಂತಳು.

"ಅವ್ವ, ನಾನು."

"ಅಲ್ಲೇ ನಿಂತ್ಕೊ" ಎಂದಳು. "ಕಾಲ್ ತೋರ್ಸು."

ಅವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ದೆವ್ವ ಯಾರ ರೂಪದಲ್ಲಿ ಬೇಕಾದರೂ ಬರುತ್ತದೆ, ಯಾರ ದನಿಯಲ್ಲಿ ಬೇಕಾದರೂ ಕರೆಯುತ್ತದೆ, ಪಾದವನ್ನು ಮಾತ್ರ ಮುಚ್ಚಿಡಲಾರದು, ಅದರ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಂಜುಂಡೇಶ ಮೆಲ್ಲಗೆ, "ಬೂಟ್ ಬಿಚ್ಚು ಚೆಲು" ಎಂದ.

ಚೆಲುವರಾಜು ಅಂಗಳದಲ್ಲಿ ನಿಂತು ಬೂಟು ಬಿಚ್ಚಿದ, ಕಾಲುಚೀಲ ತೆಗೆದ, ಪ್ಯಾಂಟನ್ನು ಮಂಡಿಯವರೆಗೆ ಮಡಚಿದ. ಆಪರೇಷನ್ನಿನ ಹೊಲಿಗೆಯ ಗುರುತು ಕೆಂಪಗಿತ್ತು. ಸಿದ್ದಲಿಂಗಮ್ಮ ಮೆಟ್ಟಿಲಿಳಿದು ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮುಖ ನೋಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು.

"ಮುಂದುಕ್ಕೇ ಅವೆ" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಅವನು ಕುಡಿಯುವುದನ್ನು, ಗಂಟಲು ಆಡುವುದನ್ನು, ಕಣ್ಣು ಮಿಟುಕಿಸದೆ ನೋಡಿದಳು.

ಅವನು ಒಳಗೆ ಹೋದ. ನಡುಮನೆಯಲ್ಲಿ ತಾನು ಮಲಗಿ ನಗುತ್ತಿರುವುದನ್ನು ನೋಡುತ್ತ ಗೋಡೆ ಹಿಡಿದು ನಿಂತ. ದೀಪ ಆರಿಸಲು ಬಗ್ಗಿದಾಗ ಅವನವ್ವ ಕೈ ಹಿಡಿದು ತಡೆದಳು. ಎಣ್ಣೆ ಮುಗಿದು ಅದು ತಾನಾಗಿ ಆರುವವರೆಗೂ ನಾವೆಲ್ಲ ಅಲ್ಲೇ ಕೂತಿದ್ದೆವು.

ಫ್ಲೆಕ್ಸನ್ನು ನಂಜುಂಡೇಶ ತಂದು ಅಂಗಡಿ ಹಿಂದೆ ಬೆಂಕಿಗೆ ಹಾಕಿದ. ಅದು ಬಟ್ಟೆಯ ಹಾಗೆ ಉರಿಯುವುದಿಲ್ಲ, ಸುರುಟಿಕೊಂಡು ಕರಗುತ್ತದೆ. ಮುಖದ ಭಾಗ ಕೊನೆಗೆ ಉಳಿಯಿತು. ಆ ವಾಸನೆ ಇನ್ನೂ ಮೂಗಿನಲ್ಲಿದೆ ಎನ್ನುತ್ತಾನೆ. ಯಾವ ಶ್ರದ್ಧಾಂಜಲಿ ಮಾಡಲು ಕೂತರೂ ಹಾರದೊಳಗೆ ಮೊದಲು ಅದೇ ಮುಖ ಕಾಣುತ್ತದಂತೆ. ಹೆಣವನ್ನು ಕಣ್ಣಾರೆ ನೋಡಿ ಬಂದರೆ ಮಾತ್ರ ಅದು ಸರಿದು ಜಾಗ ಬಿಡುತ್ತದಂತೆ.

ಚೆಲುವರಾಜು ಟೈಗರ್ಸ್‌ನಲ್ಲೇ ಉಳಿದ. ಒಂದು ವರ್ಷ ಕಳೆದು, ಫೆಬ್ರವರಿಯಲ್ಲಿ, ಕೆ.ಆರ್. ನಗರದಲ್ಲಿ ನಮಗೂ ಅವರಿಗೂ ಪಂದ್ಯ ಬಿತ್ತು. ನಂಜುಂಡೇಶನನ್ನು ನಾನೇ ಬಲವಂತವಾಗಿ ಎಳೆದುಕೊಂಡು ಹೋದೆ. ಬಾವುಟ ಹಿಡಿಯಲಿಲ್ಲ, ಕೊನೆಯ ಸಾಲಿನಲ್ಲಿ ಕೂತ. ಮೊದಲ ಐದು ನಿಮಿಷದಲ್ಲೇ ಚೆಂಡು ಚೆಲುವರಾಜುವಿನ ಕಡೆ ಬಂತು. ಅವನ ಮುಂದೆ ಗೋಲಿ ಒಬ್ಬನೇ. ಅವನು ತಲೆ ತಗ್ಗಿಸಿ ತನ್ನ ಪಾದ ನೋಡಿಕೊಂಡ. ಅಷ್ಟರಲ್ಲಿ ನಮ್ಮವನೊಬ್ಬ ಬಂದು ಚೆಂಡು ಕಿತ್ತುಕೊಂಡ. ನಮ್ಮ ಹುಡುಗರು ಹೋ ಎಂದು ನಕ್ಕರು. ಎರಡನೆಯ ಸಲವೂ ಹಾಗೇ ಆಯಿತು, ಮೂರನೆಯ ಸಲವೂ. ನಾವು ಎರಡು ಗೋಲಿನಿಂದ ಗೆದ್ದೆವು. ನಮ್ಮವರು ತಮಟೆ ಬಡಿದು ಕುಣಿದರು, ಊರು ಬಿಟ್ಟವನಿಗೆ ಸರಿಯಾಗಿ ಆಯಿತು ಎಂದರು.

ಪಂದ್ಯ ಮುಗಿದ ಮೇಲೆ ನಾವಿಬ್ಬರೂ ಅವನನ್ನು ಹುಡುಕಿಕೊಂಡು ಹೋದೆವು. ನೀರಿನ ಟ್ಯಾಂಕರಿನ ನೆರಳಲ್ಲಿ ಒಬ್ಬನೇ ಕೂತಿದ್ದ.

"ಮಂಡಿ ನೋವಾ ಚೆಲು?" ಎಂದ ನಂಜುಂಡೇಶ.

"ಮಂಡಿ ಚೆಂದಾಗದೆ ಕಣಣ್ಣ." ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು. "ಊರ್ಗೋದಾಗ್ಲೆಲ್ಲ ಅವ್ವ ಬಾಗ್ಲಲ್ಲಿ ನಿಲ್ಸಿ ಕಾಲ್ ನೋಡ್ತಾಳೆ. ನೋಡುದ್ಮೇಲೇ ಒಳೀಕ್ ಬುಡೋದು. ಈಗ ನಂಗೂ ಅಂಗೇ ಆಗೋಗದೆ. ಬಾಲ್ ಬಂದೇಟ್ಗೆ ಒಂದ್ಸಲ ನೋಡ್ಕಂಬುಡ್ತೀನಿ, ಮುಂದುಕ್ಕೇ ಅವಾ ಅಂತ."

ಅಷ್ಟು ಹೇಳಿ ಅವನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ನೋಡಬಾರದು ಎಂದುಕೊಂಡೇ ನಾವಿಬ್ಬರೂ ಅವನ ಪಾದ ನೋಡಿದೆವು.